ಐಪಿ ಸಿಕ್ಕ ಮೇಲೆ ಬೂಟ್ ನಿಲ್ಲುತ್ತಿದ್ದರೆ ಟಿಎಫ್‌ಟಿಪಿ ನೋಡಿ

20 ಕಂಪ್ಯೂಟರ್‌ಗಳ ಹಾರ್ಡ್ ಡಿಸ್ಕ್ ತೆಗೆದು ಸರ್ವರ್‌ನಿಂದಲೇ ಲಿನಕ್ಸ್ ಓಡಿಸಲು ಹೊರಟಿದ್ದೀರಿ. ಐಪಿ (ನೆಟ್‌ವರ್ಕ್ ವಿಳಾಸ) ಸಿಗುತ್ತದೆ, ಆಮೇಲೆ 'ಪಿಎಕ್ಸ್‌ಇ-ಇ32' ಅಂತ ನೆಟ್‌ವರ್ಕ್ ಬೂಟ್‌ನ ದೋಷ ಸಂದೇಶ ಬಂದು ನಿಂತುಬಿಡುತ್ತದೆ ಅಂದಿರಿ. ಐಪಿ ಸಿಕ್ಕಿದೆ ಅಂದಮೇಲೆ ಕೇಬಲ್, ನೆಟ್‌ವರ್ಕ್ ಕಾರ್ಡ್ ಎರಡೂ ಸರಿಯಿವೆ. ಅವನ್ನು ಸುಮ್ನೆ ಕೆದಕಬೇಡಿ.

ಬೂಟ್ ಫೈಲ್ ಕೊಡಿ ಅಂತ ಕಂಪ್ಯೂಟರ್ ಕೇಳುತ್ತಿದೆ, ಆ ಫೈಲ್ ಕಳಿಸಬೇಕಾದ ಟಿಎಫ್‌ಟಿಪಿ ಸೇವೆಯ ಕಡೆಯಿಂದ ಉತ್ತರವೇ ಇಲ್ಲ. ಮೊದಲು ಡಿಎಚ್‌ಸಿಪಿ (ಐಪಿ ಹಂಚುವ ಸೇವೆ) ಸೆಟ್ಟಿಂಗ್‌ನಲ್ಲಿ 'ನೆಕ್ಸ್ಟ್ ಸರ್ವರ್' ವಿಳಾಸ, ಅಂದರೆ ಬೂಟ್ ಫೈಲ್ ಇರುವ ಸರ್ವರ್‌ನ ವಿಳಾಸ, ನೋಡಿ. ಐಪಿ ಹಂಚುವುದು ರೂಟರ್, ಫೈಲ್ ಇರುವುದು ಬೇರೆ ಸರ್ವರ್‌ನಲ್ಲಿ ಅಂತಾದರೆ ಇಲ್ಲೇ ಎಡವುವುದು ಜಾಸ್ತಿ. ಆಮೇಲೆ ಫೈರ್‌ವಾಲ್. ಟಿಎಫ್‌ಟಿಪಿ ಬಳಸುವ ಯುಡಿಪಿ 69 ಪೋರ್ಟ್ ತೆರೆದರೆ ಮುಗಿಯಿತು ಅಂದುಕೊಂಡು ನಾನೂ ಒಂದಿಡೀ ಸಂಜೆ ಹಾಳು ಮಾಡಿಕೊಂಡಿದ್ದೇನೆ. 69ಕ್ಕೆ ಬರುವುದು ಮೊದಲ ಕೋರಿಕೆ ಮಾತ್ರ, ಫೈಲ್ ಹೋಗುವುದು ಬೇರೊಂದು ಪೋರ್ಟ್‌ನಿಂದ. ಡಿಸ್ಕ್ ಇರುವ ಒಂದು ಲ್ಯಾಪ್‌ಟಾಪ್‌ನಿಂದ ಅದೇ ಫೈಲನ್ನು ಟಿಎಫ್‌ಟಿಪಿಯಲ್ಲಿ ಎಳೆದು ನೋಡಿ. ಬಂದರೆ ಸರ್ವರ್ ಸರಿಯಿದೆ, ತಪ್ಪು ಡಿಎಚ್‌ಸಿಪಿ ಕೊಡುವ ವಿಳಾಸದಲ್ಲಿರಬಹುದು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1 ಗಿಗಾಬಿಟ್ ಕೊಂಡಿಯಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 125 ಮೆಗಾಬೈಟ್ ಹರಿಯುತ್ತದೆ. ಇಪ್ಪತ್ತೂ ಒಟ್ಟಿಗೆ ಆನ್ ಮಾಡಿದರೆ ಒಂದೊಂದರ ಪಾಲಿಗೆ 6 ಸಿಕ್ಕರೆ ಪುಣ್ಯ! ಸರ್ವರ್‌ನಿಂದ ಸ್ವಿಚ್‌ಗೆ ಹೋಗುವ ಆ ಒಂದು ಕೊಂಡಿಯನ್ನಾದರೂ 10 ಗಿಗಾಬಿಟ್ ಮಾಡಿ. ಎನ್‌ಎಫ್‌ಎಸ್ ರೂಟನ್ನು (ಎಲ್ಲ ಕಂಪ್ಯೂಟರ್‌ಗಳೂ ಸರ್ವರ್‌ನಿಂದ ಹಂಚಿಕೊಳ್ಳುವ ಲಿನಕ್ಸ್ ಫೈಲ್‌ಗಳನ್ನು) ಓದಲು ಮಾತ್ರ ಬಿಟ್ಟು, ಬರೆಯುವುದೆಲ್ಲ ರ್‍ಯಾಮ್‌ಗೆ ಹೋಗುವಂತೆ ಅದರ ಮೇಲೊಂದು ಪದರ, ಅಂದರೆ ಓವರ್‌ಲೇ, ಹಾಕಿ. ಇಲ್ಲದಿದ್ದರೆ ಒಂದೇ ಲಾಗ್ ಫೈಲಿಗೆ ಇಪ್ಪತ್ತೂ ಮುಗಿಬೀಳುತ್ತವೆ. ನೆಟ್‌ವರ್ಕ್ ಮೇಲೆ ಸ್ವ್ಯಾಪ್ (ರ್‍ಯಾಮ್ ಸಾಲದಾಗ ಬಳಸುವ ಜಾಗ) ಮಾತ್ರ ಬೇಡವೇ ಬೇಡ, ರ್‍ಯಾಮ್‌ನಲ್ಲೇ ಡೇಟಾ ಕುಗ್ಗಿಸಿಡುವ ಝಡ್‌ರ್‍ಯಾಮ್ ಸಾಕು.