ನಿಂಬೆಯ ಘಮ ಮಂಕಾದಾಗ

ಪ್ರಶ್ನೆ: ಜರ್ಮನಿಯಲ್ಲಿರುವ ಮಗಳು ಮೂತಿಗೆ ಉಂಗುರದಂಥ ಪರಿಮಳದ ಪಾಡ್ ಸಿಕ್ಕಿಸುವ ನೀರಿನ ಬಾಟಲಿಯೊಂದನ್ನು ತಂದುಕೊಟ್ಟಿದ್ದಾಳೆ. ಮೊದಲು ಚೆನ್ನಾಗಿದ್ದ ನಿಂಬೆಯ ರುಚಿ ಈಗ ಮಂಕಾಗಿದೆ. ಪಾಡ್ ಬದಲಿಸಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಂಥ ಬಾಟಲಿಯಲ್ಲಿ ನೀರಿಗೆ ಏನನ್ನೂ ಬೆರೆಸಿರುವುದಿಲ್ಲ, ನೀವು ಹೀರುವಾಗ ಪಾಡ್‌ನ ಮೂಲಕ ಹಾದು ಬರುವ ಗಾಳಿ ನೀರಿನೊಂದಿಗೆ ಬಾಯಿಗೆ ಸೇರಿ, ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ, ಆ ಘಮವನ್ನೇ ಮಿದುಳು ರುಚಿಯೆಂದು ಗ್ರಹಿಸುತ್ತದೆ. ಆದ್ದರಿಂದ ಪಾಡ್ ಅನ್ನು ದೂರುವ ಮುನ್ನ ಮೂಗನ್ನು ಪರೀಕ್ಷಿಸಿ. ನೆಗಡಿಯಾಗಿದ್ದರೆ ಸಾರಿನ ಒಗ್ಗರಣೆಯೂ ತಿಳಿಯುವುದಿಲ್ಲ, ಇನ್ನು ನಿಂಬೆಯ ಮಾತೆಲ್ಲಿ! ದಿನವಿಡೀ ಒಂದೇ ವಾಸನೆಗೆ ಒಡ್ಡಿಕೊಂಡ ಮೂಗು ಅದಕ್ಕೆ ಒಗ್ಗಿಹೋಗುವುದೂ ಉಂಟು. ಬಾಟಲಿಯನ್ನು ಒಂದು ರಾತ್ರಿ ಬದಿಗಿಟ್ಟು, ಬೆಳಿಗ್ಗೆ ಕಾಫಿಗೂ ಮೊದಲು ಒಂದು ಗುಟುಕು ಕುಡಿದು ನೋಡಿ.

ಪಾಡ್ ಅನ್ನು ಮೇಲಕ್ಕೆ ಎತ್ತಿರಿಸಿದಾಗ ಮಾತ್ರ ಗಾಳಿಯ ದಾರಿ ತೆರೆಯುತ್ತದೆ. ಕುಡಿಯುವಾಗ ಗುಳ್ಳೆಗಳ ಸದ್ದು ಕೇಳದಿದ್ದರೆ ಅದು ಕೆಳಗೆ ಜಾರಿರಬಹುದು, ಇಲ್ಲವೇ ಒಳಗೆ ನೀರು ನಿಂತಿರಬಹುದು. ಹಾಗಿದ್ದಲ್ಲಿ ತೆಗೆದು, ನೀರನ್ನು ಕೊಡವಿ, ಒಣಗಿಸಿ ಮತ್ತೆ ಕೂರಿಸಿ.

ಇಷ್ಟಾದರೂ ಘಮ ಬಾರದಿದ್ದರೆ, ಮನೆಯ ಬೇರೊಬ್ಬರಿಗೂ ಬರೀ ನೀರೇ ಎನ್ನಿಸಿದರೆ, ಪಾಡ್ ಮುಗಿದಂತೆಯೇ. ಮುಗ್ಗಲು ವಾಸನೆ ಬಂದರಂತೂ ಕಾಯದೆ ಬಿಸಾಡಿ.