ಗ್ಯಾರೇಜಿನ ಕಾಂಕ್ರೀಟ್ ನೆಲಕ್ಕೆ ಸ್ಟೇನ್ ಮತ್ತು ಸೀಲರ್: ನಮ್ಮ ಕಡೆಯ ಸಿಮೆಂಟಿಗೆ ಯಾವುದು ಒಗ್ಗುತ್ತದೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮ ಮನೆಯ ಪಕ್ಕದಲ್ಲಿ 12 ಅಡಿ ಅಗಲ, 20 ಅಡಿ ಉದ್ದದ ಕಾರ್ ಶೆಡ್ ಕಟ್ಟಿಸಿ ಮೂರು ತಿಂಗಳಾಯಿತು. ಕಾಂಕ್ರೀಟ್ ಹಾಕಿದ ದಿನವೇ ಮೇಸ್ತ್ರಿಯವರು ಮೇಲೆ ಒಣ ಸಿಮೆಂಟ್ ಉದುರಿಸಿ ಕರಣೆಯಿಂದ ನುಣ್ಣಗೆ ತಿಕ್ಕಿದ್ದಾರೆ. ವಿಡಿಯೊಗಳಲ್ಲಿ ನೋಡಿದಂತೆ ಆಸಿಡ್ ಸ್ಟೇನ್ ಮಾಡಿಸಿ, ಅಮೃತಶಿಲೆಯ ಹಾಗೆ ಕಂದು ಬಣ್ಣ ಬರಿಸಿ, ಮೇಲೆ ಸೀಲರ್ ಹೊಡೆಸಬೇಕೆಂಬ ಆಸೆ ಇದೆ. ಮೇಸ್ತ್ರಿಯವರು ಮಾತ್ರ ಕೆಂಪು ಆಕ್ಸೈಡ್ ಕಲಸಿ ಬಳಿದರೆ ಸಾಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ನೆಲಕ್ಕೆ ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನೀರು ಆಧಾರಿತ ಸ್ಟೇನ್ ಹಾಕಿಸಿ, ಅದರ ಮೇಲೆ ಎರಡು ಡಬ್ಬಿಗಳನ್ನು ಬೆರೆಸಿ ಹಾಕುವ ಸೀಲರ್, ಅಂದರೆ ನೆಲವನ್ನು ಕಾಯುವ ಲೇಪ, ಹೊಡೆಸುವುದು ಹೆಚ್ಚು ಭರವಸೆಯ ದಾರಿ. ಕಾರಣ ಸಿಮೆಂಟಿನಲ್ಲೇ ಇರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಆಸಿಡ್ ಸ್ಟೇನ್ ಎಂಬುದು ಬಣ್ಣವಲ್ಲ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣ, ಮ್ಯಾಂಗನೀಸ್ ಅಥವಾ ತಾಮ್ರದ ಲವಣಗಳನ್ನು ಕರಗಿಸಿದ ದ್ರಾವಣ ಅದು. ಸಿಮೆಂಟ್ ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಕಾಂಕ್ರೀಟಿನಲ್ಲಿ ಉಳಿಯುವ ಸುಣ್ಣದೊಂದಿಗೆ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಂದಿಗೆ ಈ ಲವಣಗಳು ವರ್ತಿಸಿದಾಗ ಕಂದು, ಕಪ್ಪು ಅಥವಾ ಹಸಿರು ಬಣ್ಣದ ಸಂಯುಕ್ತಗಳು ಉಂಟಾಗಿ ರಂಧ್ರಗಳಲ್ಲೇ ಕೂರುತ್ತವೆ. ಸುಣ್ಣ ಎಲ್ಲಿ ಹೆಚ್ಚೋ ಅಲ್ಲಿ ಬಣ್ಣ ಗಾಢ, ಎಲ್ಲಿ ಕಡಿಮೆಯೋ ಅಲ್ಲಿ ಮಸುಕು. ಅಮೃತಶಿಲೆಯಂಥ ಮೋಡದ ಛಾಯೆ ಬರುವುದೂ ಈ ಏರುಪೇರಿನಿಂದಲೇ. ಸುಣ್ಣವೇ ಇಲ್ಲದಿದ್ದರೆ ಬಣ್ಣವೂ ಇಲ್ಲ.

ಈಗ ನಮ್ಮ ಸಿಮೆಂಟಿಗೆ ಬನ್ನಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡತಿನಿ ಮತ್ತು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಇರುವ ಈ ಭಾಗದಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟವಾದ ಸ್ಲ್ಯಾಗ್ ಬೆರೆತ ಸ್ಲ್ಯಾಗ್ ಸಿಮೆಂಟ್ ಅಥವಾ ಕಲ್ಲಿದ್ದಲು ಸುಟ್ಟು ಉಳಿದ ಹಾರುಬೂದಿ ಬೆರೆತ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟ್ ಮನೆ ಕಟ್ಟುವವರ ಕೈಗೆ ಸುಲಭವಾಗಿ ಸಿಗುತ್ತದೆ. ಭಾರತೀಯ ಮಾನಕದ ಪ್ರಕಾರ ಸ್ಲ್ಯಾಗ್ ಸಿಮೆಂಟಿನಲ್ಲಿ ಶೇ 25ರಿಂದ 70ರವರೆಗೆ ಸ್ಲ್ಯಾಗ್ ಇರಬಹುದು, ಪಿಪಿಸಿಯಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಇರಬಹುದು. ಕಟ್ಟಡಕ್ಕೆ ಇವು ಒಳ್ಳೆಯ ಸಿಮೆಂಟುಗಳೇ. ಆದರೆ ಹಾರುಬೂದಿಯು ಸುಣ್ಣವನ್ನು ಬಳಸಿಕೊಂಡೇ ಗಟ್ಟಿಯಾಗುತ್ತದೆ, ಸ್ಲ್ಯಾಗ್ ಬೆರೆತಲ್ಲಿಯೂ ಉಳಿಯುವ ಸುಣ್ಣ ಕಡಿಮೆ. ವಿಡಿಯೊದಲ್ಲಿ ಕಂಡ ಗಾಢ ಕಂದು ಇಲ್ಲಿ ತಿಳಿ ಚಹಾದ ಕಲೆಯಂತೆ ನಿಂತುಬಿಡುವುದು ಇದರಿಂದಾಗಿ. ನಿಮ್ಮ ಮನೆಗೆ ತಂದ ಚೀಲ ಒಂದಾದರೂ ಉಳಿದಿದ್ದರೆ ಅದರ ಮೇಲೆ ಸಿಮೆಂಟಿನ ಬಗೆ ಮುದ್ರಿತವಾಗಿರುತ್ತದೆ, ನೋಡಿ.

ಕೆಂಪು ಆಕ್ಸೈಡಿನ ನೆಲ ನನಗೂ ಇಷ್ಟ. ಆದರೆ ಅದನ್ನು ನೆಲ ಹಾಕುವಾಗ, ಹಸಿ ಇರುವಾಗಲೇ ಮೇಲ್ಪದರದಲ್ಲಿ ಬೆರೆಸಿ ತಿಕ್ಕಬೇಕು. ಮೂರು ತಿಂಗಳು ಒಣಗಿದ ನೆಲದ ಮೇಲೆ ತೆಳ್ಳಗೆ ಬಳಿದ ಆಕ್ಸೈಡ್ ಸಿಮೆಂಟ್ ಕೆಳಗಿನದಕ್ಕೆ ಬೆಸೆಯುವುದಿಲ್ಲ. ಕಾರಿನ ಚಕ್ರ ತಿರುಗುವ ಜಾಗದಲ್ಲಿ ಹಪ್ಪಳ ಹಪ್ಪಳವಾಗಿ ಏಳುತ್ತದೆ.

ಬಣ್ಣ ಯಾವುದೇ ಇರಲಿ, ನಿಮ್ಮ ನೆಲದ ನುಣುಪೇ ಮೊದಲ ತೊಡಕು. ನೆಲದ ಐದಾರು ಕಡೆ ಒಂದೊಂದು ಚಮಚ ನೀರು ಬಿಟ್ಟು ನೋಡಿ. ಒಂದು ನಿಮಿಷದೊಳಗೆ ನೀರು ಇಂಗಿ ಆ ಜಾಗ ಕಪ್ಪಗಾದರೆ ಸ್ಟೇನ್ ಕೂಡ ಇಂಗುತ್ತದೆ; ನೀರು ಮಣಿಯಂತೆ ನಿಂತರೆ ರಂಧ್ರಗಳು ಮುಚ್ಚಿವೆ ಎಂದರ್ಥ. ಒಣ ಸಿಮೆಂಟ್ ಉದುರಿಸಿ ತಿಕ್ಕಿದ ನೆಲದಲ್ಲಿ ಬಹುಮಟ್ಟಿಗೆ ಆಗುವುದು ಎರಡನೆಯದೇ. ಆಗ ವಜ್ರದ ಕಪ್ ಅಳವಡಿಸಿದ ಗ್ರೈಂಡರಿನಿಂದ ಮೇಲ್ಪದರವನ್ನು ಹಗುರವಾಗಿ ಉಜ್ಜಿಸಬೇಕು. ಜಲ್ಲಿ ಕಾಣುವಷ್ಟು ಇಳಿಯಬಾರದು. ಕೈಯಾಡಿಸಿದರೆ ಸಣ್ಣ ಉಪ್ಪುಕಾಗದದಷ್ಟು ಒರಟು ಸಿಕ್ಕರೆ ಸಾಕು. ಈ ಧೂಳಿನಲ್ಲಿ ಸಿಲಿಕಾ ಇರುವುದರಿಂದ ಗ್ರೈಂಡರಿಗೆ ವ್ಯಾಕ್ಯೂಮ್ ಜೋಡಿಸಿರಬೇಕು, ಕೆಲಸದವರ ಮೂಗಿಗೆ ಕರವಸ್ತ್ರವಲ್ಲ, ಎನ್95 ಮಾಸ್ಕ್ ಇರಬೇಕು.

ಇಷ್ಟು ಹೇಳಿದ ಮೇಲೂ ಆಸಿಡ್ ಸ್ಟೇನೇ ಬೇಕೆಂದರೆ, ಮೂಲೆಯಲ್ಲಿ ಒಂದು ಅಡಿ ಚೌಕದಲ್ಲಿ ಹಾಕಿ, ತೊಳೆದು, ಸೀಲರನ್ನೂ ಹೊಡೆದು ನೋಡಿ; ಆ ಬಣ್ಣ ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ. ಅದಕ್ಕೆ ಮೊದಲು ಆಸಿಡ್ ವಾಶ್, ಅಂದರೆ ಬರೀ ಆಸಿಡ್ಡಿನಿಂದ ನೆಲ ತೊಳೆಯುವುದನ್ನು, ಮಾಡಿಸಬೇಡಿ. ನೆಲ ಶುದ್ಧವಾಗುತ್ತದೆಂದು ಹಲವರು ಮಾಡಿಸುವ ಈ ಕೆಲಸ, ಸ್ಟೇನಿಗೆ ಬೇಕಾದ ಸುಣ್ಣವನ್ನೇ ತಿಂದುಹಾಕುತ್ತದೆ. ಸ್ಟೇನನ್ನು ಪ್ಲಾಸ್ಟಿಕ್ ಸ್ಪ್ರೇಯರಿನಲ್ಲೇ ಹೊಡೆಯಬೇಕು. ಅದರ ಆವಿಗೆ ಷಟರಿನ ಪಟ್ಟಿ, ಸೈಕಲ್ಲಿನ ರಿಮ್ ಎಲ್ಲವೂ ತುಕ್ಕು ಹಿಡಿಯುವುದರಿಂದ ಲೋಹದ ಸಾಮಾನುಗಳನ್ನು ಹೊರಗಿಟ್ಟು, ಷಟರ್ ಪೂರ್ತಿ ತೆರೆದಿಡಬೇಕು. ಕೈಗವಸು, ಕನ್ನಡಕ, ಆಮ್ಲದ ಆವಿ ತಡೆಯುವ ಮಾಸ್ಕ್ ಬೇಕೇ ಬೇಕು. ಬಣ್ಣ ಬಂದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಬುರುಗು ನಿಲ್ಲುವವರೆಗೆ ತೊಳೆದು, ಬಳಿಕ ಬರೀ ನೀರಿನಿಂದ ಹಲವು ಬಾರಿ ತೊಳೆಯಬೇಕು. ಬಿಳಿ ಬಟ್ಟೆಯಿಂದ ಒರೆಸಿದಾಗ ಕಂದು ಪುಡಿ ಅಂಟುತ್ತಿದ್ದರೆ ತೊಳೆದದ್ದು ಸಾಲದು, ಅದರ ಮೇಲೆ ಹೊಡೆದ ಸೀಲರ್ ಸಿಪ್ಪೆಯಂತೆ ಏಳುತ್ತದೆ.

ನೀರು ಆಧಾರಿತ ಸ್ಟೇನಿನಲ್ಲಿ ಈ ರಗಳೆ ಇಲ್ಲ. ಅತಿಸಣ್ಣ ಬಣ್ಣದ ಕಣಗಳು ಅಕ್ರಿಲಿಕ್ ಎಂಬ ಅಂಟಿನ ಜೊತೆ ರಂಧ್ರಗಳಲ್ಲಿ ಇಳಿದು ಕೂರುವುದರಿಂದ ಸಿಮೆಂಟಿನ ಬಗೆ ಅಷ್ಟಾಗಿ ಮುಖ್ಯವಲ್ಲ. ಒಂದೇ ದಪ್ಪ ಪದರದ ಬದಲು ಎರಡು ತೆಳು ಪದರ ಹಾಕಿ, ಎರಡನೆಯದನ್ನು ಸ್ಪಂಜಿನಿಂದ ಅಲ್ಲಲ್ಲಿ ಒತ್ತಿದರೆ ನೀವು ಬಯಸಿದ ಮೋಡದ ಛಾಯೆಯೂ ಸಿಗುತ್ತದೆ. ಸಂಡೂರಿನ ಕಡೆಯಿಂದ ಅದಿರಿನ ಕೆಂಪು ಧೂಳು ಬರುವ ಊರಿನಲ್ಲಿ ತಿಳಿ ಬೂದು ಬಣ್ಣ ಆರಿಸಿ ವಾರ ವಾರ ಕೊರಗುವುದಕ್ಕಿಂತ ಕಂದು ಅಥವಾ ಇಟ್ಟಿಗೆ ಬಣ್ಣ ವಾಸಿ.

ಸೀಲರಿನಲ್ಲಿ ಅಕ್ರಿಲಿಕ್ ಅಗ್ಗ, ಆದರೆ ಕಾರು ಓಡಾಡುವಲ್ಲಿ ಬೇಗ ಸವೆದು ಮತ್ತೆ ಮತ್ತೆ ಹೊಡೆಯಬೇಕಾಗುತ್ತದೆ. ರಾಳ ಮತ್ತು ಗಟ್ಟಿಕಾರಕ ಬೆರೆಸಿ ಹಾಕುವ ಎಪಾಕ್ಸಿ ಗಟ್ಟಿ, ಎಣ್ಣೆಗೂ ಜಗ್ಗದು. ಬಿಸಿಲು ಬಿದ್ದಲ್ಲಿ ಮಾತ್ರ ಹಳದಿಯಾಗುತ್ತದೆ. ಹಾಗಾಗಿ ಕೆಳಗೆ ಪಾರದರ್ಶಕ ಎಪಾಕ್ಸಿ, ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಎಂಬ ಜೋಡಿ ನಿಮಗೆ ಒಪ್ಪುತ್ತದೆ. ನಿಮ್ಮ 240 ಚದರ ಅಡಿ ಎಂದರೆ ಸುಮಾರು 22 ಚದರ ಮೀಟರ್; ದ್ರಾವಕವಿಲ್ಲದ ಎಪಾಕ್ಸಿಯನ್ನು 250 ಮೈಕ್ರಾನ್ (ಕಾಲು ಮಿಲಿಮೀಟರ್) ದಪ್ಪಕ್ಕೆ ಹಾಕಲು ಐದೂವರೆ ಲೀಟರ್ ಬೇಕು. ಎರಡೇ ಲೀಟರಿನಲ್ಲಿ ಮುಗಿಸಿಕೊಡುತ್ತೇನೆ ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಬಳ್ಳಾರಿಯ ಬಿಸಿಲಿನಲ್ಲಿ ಹೊತ್ತು ನೋಡಿ ಕೆಲಸ ಮಾಡಬೇಕು. ಬೆಳಿಗ್ಗೆಯಿಂದ ನೆಲ ಕಾಯುತ್ತಾ ಹೋದಂತೆ ರಂಧ್ರಗಳೊಳಗಿನ ಗಾಳಿ ಹಿಗ್ಗಿ ಮೇಲೆ ಬರುತ್ತದೆ, ಹಸಿ ಎಪಾಕ್ಸಿಯಲ್ಲಿ ಗುಳ್ಳೆ ಮತ್ತು ಸೂಜಿತೂತುಗಳನ್ನು ಬಿಡುತ್ತದೆ. ನೆಲ ತಣಿಯತೊಡಗುವ ಸಂಜೆಯ ಹೊತ್ತಿಗೆ ಶುರು ಮಾಡಿದರೆ ಈ ತೊಂದರೆ ಇಲ್ಲ. ಬೆರೆಸಿದ ಎಪಾಕ್ಸಿಯನ್ನು ಬಳಸಿ ಮುಗಿಸಲು 25 ಡಿಗ್ರಿಯಲ್ಲಿ 40 ನಿಮಿಷದ ಅವಧಿ ಎಂದು ಡಬ್ಬಿಯ ಮೇಲಿದ್ದರೆ, 35 ಡಿಗ್ರಿಯಲ್ಲಿ ಅದು ಸುಮಾರು ಅರ್ಧಕ್ಕಿಳಿಯುತ್ತದೆ; ಬಕೆಟಿನಲ್ಲೇ ಬಿಟ್ಟರೆ ಇನ್ನೂ ಬೇಗ ಬಿಸಿಯಾಗಿ ಗಟ್ಟಿಯಾಗುವುದರಿಂದ ಬೆರೆಸಿದ ಕೂಡಲೇ ನೆಲಕ್ಕೆ ಸುರಿದು ಹರಡಬೇಕು. ಸಾಧ್ಯವಾದರೆ ಕೆಲಸವನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಇಟ್ಟುಕೊಳ್ಳಿ. ಮೇಲಿನ ಪದರದಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಸಣ್ಣ ಹರಳು ಸೇರಿಸಿದರೆ ಮಳೆಗಾಲದಲ್ಲಿ ಕಾಲು ಜಾರುವುದಿಲ್ಲ. ಮರುದಿನ ನಡೆದಾಡಬಹುದು, ಕಾರನ್ನು ಮಾತ್ರ ಒಂದು ವಾರ ಹೊರಗೇ ನಿಲ್ಲಿಸಿ.

ಪ್ರಶ್ನೆ: ಗಂಗಾವತಿಯ ಹೊರವಲಯದಲ್ಲಿ, ಭತ್ತದ ಗದ್ದೆಗಳ ಪಕ್ಕ ನಮ್ಮ ಮನೆ. ಹಳೆಯ ಗ್ಯಾರೇಜ್ ನೆಲಕ್ಕೆ ಎರಡು ವರ್ಷದ ಹಿಂದೆ ಎಪಾಕ್ಸಿ ಪೇಂಟ್ ಹೊಡೆಸಿದ್ದೆವು. ಈಗ ಚಕ್ರ ನಿಲ್ಲುವಲ್ಲಿ ಕಿತ್ತುಬರುತ್ತಿದೆ, ಗೋಡೆಯಂಚಿನಲ್ಲಿ ಉಬ್ಬಿ ಬಿಳಿ ಪುಡಿ ಏಳುತ್ತಿದೆ. ಮತ್ತೊಮ್ಮೆ ಒಳ್ಳೆಯ ಕಂಪನಿಯದು ಹೊಡೆಸಿದರೆ ನಿಲ್ಲುತ್ತದೆಯೇ?

ಉತ್ತರ: ನಿಮ್ಮ ನೆಲಕ್ಕಿರುವುದು ಎರಡು ಬೇರೆ ಬೇರೆ ರೋಗ. ಬಿಸಿಲಿನ ರಸ್ತೆಯಲ್ಲಿ ಓಡಿ ಬಂದ ಟೈರ್ ಕಾದಿರುತ್ತದೆ. ಅದರ ರಬ್ಬರಿನಲ್ಲಿರುವ ಮೆದುಕಾರಕಗಳು ಪೇಂಟಿಗೆ ಇಳಿದು ಅದನ್ನು ಮೆತ್ತಗಾಗಿಸುತ್ತವೆ, ಟೈರ್ ತಣಿದು ಕುಗ್ಗುವಾಗ ಪೇಂಟನ್ನೂ ಎಳೆಯುತ್ತದೆ. ತೆಳು ಪೇಂಟ್, ಸರಿಯಾಗಿ ಒರಟಾಗಿಸದ ನೆಲ ಎರಡೂ ಸೇರಿದರೆ ಹೀಗೆ ಆಗಿಯೇ ಆಗುತ್ತದೆ. ಗೋಡೆಯಂಚಿನ ಬಿಳಿ ಪುಡಿಯಾದರೋ ಸವಳಿನ ಕೆಲಸ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ಸವಳೇರಿದ ಜಮೀನು ನಿಮಗೆ ಹೊಸತಲ್ಲ. ಅದೇ ತೇವ ಉಪ್ಪನ್ನು ಹೊತ್ತು ಕಾಂಕ್ರೀಟಿನ ಮೂಲಕ ಮೇಲೇರಿ, ಪೇಂಟಿನಡಿ ಸಿಕ್ಕಿಕೊಂಡು ಅದನ್ನು ಎತ್ತುತ್ತದೆ. ನೆಲದಡಿ ಪ್ಲಾಸ್ಟಿಕ್ ಹಾಳೆ ಹಾಸದೆ ಕಾಂಕ್ರೀಟ್ ಹಾಕಿದ್ದರೆ ಯಾವ ಕಂಪನಿಯ ಪೇಂಟೂ ಅಲ್ಲಿ ಬಾಳದು.

ಕಿತ್ತುಬಂದ ಒಂದು ಚಕ್ಕೆಯನ್ನು ಮಗುಚಿ ನೋಡಿ. ಹಿಂಬದಿಗೆ ಸಿಮೆಂಟಿನ ಪುಡಿ ಅಂಟಿದ್ದರೆ ನೆಲದ ಮೇಲ್ಪದರವೇ ದುರ್ಬಲ. ಕನ್ನಡಿಯಷ್ಟು ನುಣುಪಾಗಿ, ಶುದ್ಧವಾಗಿದ್ದರೆ ನೆಲವನ್ನು ಉಜ್ಜದೆ ಪೇಂಟ್ ಹೊಡೆದಿದ್ದಾರೆ. ತೇವ ಅಥವಾ ಉಪ್ಪಿನ ಹರಳು ಕಂಡರೆ ಅಡಿಯಿಂದ ನೀರು ಬರುತ್ತಿದೆ. ಖಚಿತಪಡಿಸಿಕೊಳ್ಳಲು ಪೇಂಟ್ ತೆಗೆದ ಜಾಗದಲ್ಲಿ 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ ಅಥವಾ ನೆಲ ಕಪ್ಪಾದರೆ ತೇವವಿದೆ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ಮೋಸಹೋಗಬೇಡಿ. ಕಾಲುವೆಗೆ ನೀರು ಬಿಟ್ಟು, ಪಕ್ಕದ ಗದ್ದೆ ತುಂಬಿರುವಾಗ ಮಾಡಿ.

ತೇವವಿದ್ದರೆ ಪೇಂಟನ್ನೆಲ್ಲ ಗ್ರೈಂಡರಿನಿಂದ ತೆಗೆಸಿ, ಬಿಳಿ ಪುಡಿಯನ್ನು ಒಣ ಬ್ರಶ್ಶಿನಿಂದಲೇ ಗುಡಿಸಿ ಹೊರಹಾಕಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಬಳಿಕ ಸಿಲೇನ್-ಸಿಲಾಕ್ಸೇನ್ ಬಗೆಯ ಇಂಗುವ ಸೀಲರ್ ಹೊಡೆಸಿ. ಅದು ಮೇಲೆ ಪೊರೆ ಕಟ್ಟದೆ ರಂಧ್ರಗಳ ಗೋಡೆಗೆ ಅಂಟಿ, ಆವಿಯನ್ನು ಹೊರಬಿಡುತ್ತದೆ. ಹೊಳಪು ಬರುವುದಿಲ್ಲ, ಎಣ್ಣೆಯ ಕಲೆಯನ್ನು ಪೂರ್ತಿ ತಡೆಯುವುದೂ ಇಲ್ಲ, ಆದರೆ ಕಿತ್ತುಬರಲು ಅಲ್ಲಿ ಪೊರೆಯೇ ಇರುವುದಿಲ್ಲ.

ಪ್ರಶ್ನೆ: ರಾಯಚೂರಿನಲ್ಲಿ ನಮ್ಮ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತೇವೆ. ನೆಲದ ತುಂಬ ಎಂಜಿನ್ ಆಯಿಲ್ ಕಲೆ. ಆಸಿಡ್ ಹಾಕಿ ತೊಳೆದು ಸ್ಟೇನ್ ಹಾಕಬಹುದೇ?

ಉತ್ತರ: ಆಸಿಡ್ ಎಣ್ಣೆಯನ್ನು ಕರಗಿಸುವುದಿಲ್ಲ, ಎಣ್ಣೆಯ ಪೊರೆ ಇದ್ದಲ್ಲಿ ಆಸಿಡ್ಡೂ ಇಳಿಯುವುದಿಲ್ಲ. ಕ್ಷಾರೀಯ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಹಾಕಿ, ಗಟ್ಟಿ ಬ್ರಶ್ಶಿನಿಂದ ತಿಕ್ಕಿ, ಬಿಸಿನೀರಿನಿಂದ ತೊಳೆದು, ಒಣಗಿದ ಮೇಲೆ ನೀರಿನ ಹನಿ ಹಾಕಿ ಪರೀಕ್ಷಿಸಿ. ಹನಿ ನಿಂತರೆ ಮತ್ತೆ ತಿಕ್ಕಿ. ಸೀಮೆಎಣ್ಣೆ ಅಥವಾ ಡೀಸೆಲ್ ಸುರಿಯುವ ರೂಢಿಯಿಂದ ಕಲೆ ತೆಳುವಾಗಿ ಇನ್ನಷ್ಟು ಆಳಕ್ಕಿಳಿಯುತ್ತದೆ, ಬೆಂಕಿಯ ಅಪಾಯ ಬೇರೆ. ವರ್ಷಗಟ್ಟಲೆ ಇಳಿದ ಎಣ್ಣೆ ಪೂರ್ತಿ ಬರುವುದಿಲ್ಲ. ಅಂಥ ನೆಲಕ್ಕೆ ಸ್ಟೇನಿನ ಆಸೆ ಬಿಟ್ಟು, ಎಣ್ಣೆ ಹಿಡಿದ ಕಾಂಕ್ರೀಟಿಗೆಂದೇ ತಯಾರಿಸಿದ ಎಪಾಕ್ಸಿ ಪ್ರೈಮರ್ ಮತ್ತು ಗಾಢ ಬಣ್ಣದ ಎಪಾಕ್ಸಿ ಹಾಕಿಸಿ.

ಪ್ರಶ್ನೆ: ಸಿರುಗುಪ್ಪದ ಎರೆ ಭೂಮಿಯಲ್ಲಿ ಕಟ್ಟಿದ ಗ್ಯಾರೇಜಿನ ನೆಲದಲ್ಲಿ ಬಿರುಕುಗಳಿವೆ. ಮೊದಲು ತುಂಬಿ, ಆಮೇಲೆ ಸ್ಟೇನ್ ಹಾಕಿದರೆ ಬಿರುಕು ಮುಚ್ಚುತ್ತದೆಯೇ?

ಉತ್ತರ: ಸ್ಟೇನ್ ಬಿರುಕನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ, ತುಂಬಿದ ವಸ್ತು ಬಣ್ಣವನ್ನು ನೆಲದ ಹಾಗೆ ಹೀರದೆ ಗೆರೆಯಾಗಿ ಕಾಣುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಬಿರುಕು ವರ್ಷವಿಡೀ ಅಲುಗಾಡುತ್ತಿರುತ್ತದೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಏಪ್ರಿಲಿನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಅಂತರ ಅಳೆಯಿರಿ. ಬದಲಾಗಿದ್ದರೆ ಸಿಮೆಂಟ್ ಅಥವಾ ಗಟ್ಟಿ ಎಪಾಕ್ಸಿ ತುಂಬಿಸಬೇಡಿ, ಅದರ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಮೊದಲು ಸ್ಟೇನ್ ಮತ್ತು ಸೀಲರ್ ಮುಗಿಸಿ, ಕೊನೆಗೆ ಬಿರುಕನ್ನು ಅಗಲಿಸಿ, ನೆಲದ ಬಣ್ಣಕ್ಕೆ ಹತ್ತಿರದ, ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲಂಟ್ ತುಂಬಿಸಿ. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಮೇಲೆದ್ದಿದ್ದರೆ ಬಣ್ಣದ ಖರ್ಚನ್ನು ತಡೆಹಿಡಿದು, ಆ ಭಾಗವನ್ನು ಒಡೆಸಿ ಕೆಳಗಿನ ಎರೆ ತೆಗೆಸಿ ಮೊರಂ ತುಂಬಿಸುವ ಬಗ್ಗೆ ನಿಮ್ಮ ಎಂಜಿನಿಯರರನ್ನು ಕೇಳಿ.