ಕಠಿಣ ಸಜೆ ಅಂದರೆ ಕಲ್ಲು ಒಡೆಸುತ್ತಾರಾ? ಕೂಲಿ ಕೊಡುತ್ತಾರಾ?

ಕಲ್ಲು ಒಡೆಯುವುದೇ ಕಠಿಣ ಸಜೆ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂ (ಹಿಂದಿನ ಐಪಿಸಿ 53) ಹೇಳುವುದು ಕಠಿಣ ದುಡಿಮೆ ಇರುವ ಸೆರೆವಾಸ ಎಂದಷ್ಟೇ. ಕೆಲಸ ಯಾವುದೆಂದು ಜೈಲಿನವರು ಗೊತ್ತುಮಾಡುತ್ತಾರೆ: ಮಗ್ಗ, ಬಡಗಿ ಕೆಲಸ, ಹೊಲಿಗೆ, ಬೇಕರಿ, ಅಡುಗೆಮನೆ, ತೋಟ.

ಮೊದಲು ತೀರ್ಪಿನ ಪ್ರತಿಯಲ್ಲಿ 'ಕಠಿಣ' ಎಂದಿದೆಯೋ 'ಸಾದಾ' ಎಂದಿದೆಯೋ ನೋಡಿ. ಒಂದೇ ಶಿಕ್ಷೆಯಲ್ಲಿ ಸ್ವಲ್ಪ ಕಾಲ ಕಠಿಣ, ಉಳಿದದ್ದು ಸಾದಾ ಎಂದೂ ಕೋರ್ಟು ಹೇಳಬಹುದು. ಜೀವಾವಧಿಯನ್ನು ಕಠಿಣ ಸಜೆಯೆಂದೇ ಎಣಿಸುತ್ತಾರೆ. ಸಾದಾ ಸಜೆಯವರು ತಾವಾಗಿ ಕೇಳಿದರೆ ಮಾತ್ರ ಕೆಲಸ. ವಿಚಾರಣಾಧೀನ ಕೈದಿಯನ್ನು ಬಲವಂತವಾಗಿ ದುಡಿಸುವಂತೆಯೇ ಇಲ್ಲ. ದುಡಿಸುತ್ತಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ.

1894ರ ಕಾರಾಗೃಹ ಕಾಯಿದೆಯ 35ನೇ ಕಲಮಿನಂತೆ ದಿನಕ್ಕೆ 9 ಗಂಟೆ ಮೀರಿ ದುಡಿಸುವಂತಿಲ್ಲ. ತುರ್ತಿದ್ದರೆ ಅಧೀಕ್ಷಕರ ಲಿಖಿತ ಅನುಮತಿ ಬೇಕು. ದುಡಿಯುವವರ ತೂಕವನ್ನು 15 ದಿನಕ್ಕೊಮ್ಮೆಯಾದರೂ ದಾಖಲಿಸಬೇಕು, ಆರೋಗ್ಯ ಕೆಡುತ್ತಿದ್ದರೆ ಕೆಲಸ ಬದಲಿಸಬೇಕು. ಕರ್ನಾಟಕಕ್ಕೆ 1963ರ ಪ್ರತ್ಯೇಕ ಕಾಯಿದೆ ಇರುವುದರಿಂದ ಇಲ್ಲಿನ ಅರ್ಜಿಯಲ್ಲಿ ಅದರ ಕಲಮನ್ನೇ ಹಾಕಿ.

ಇನ್ನು ಕೂಲಿ. ಕಠಿಣ ಸಜೆಯವರನ್ನು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಿಟ್ಟಿ ಚಾಕರಿಯಲ್ಲ, ಆದರೆ ನ್ಯಾಯಯುತ ಕೂಲಿ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟು 1998ರಲ್ಲಿ ಗುಜರಾತಿನ ಪ್ರಕರಣದಲ್ಲಿ ಹೇಳಿತು. ಊಟ, ಬಟ್ಟೆಯ ಖರ್ಚು ಕಳೆದು ದರ ಗೊತ್ತುಮಾಡಬಹುದು. ಒಂದು ಪಾಲನ್ನು ಅಪರಾಧದಿಂದ ನೊಂದವರಿಗೆ ಎತ್ತಿಡಲು ರಾಜ್ಯಗಳು ಕಾನೂನು ಮಾಡಬೇಕು ಎಂದೂ ತೀರ್ಪಿನಲ್ಲಿದೆ. ಕೆಡುವುದು ಇಲ್ಲೇ. ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ, ವರ್ಷಗಟ್ಟಲೆ ಪರಿಷ್ಕರಣೆ ಇಲ್ಲದೆ ಕೂತರೆ ಕೂಲಿ ಹೆಸರಿಗಷ್ಟೇ ಉಳಿಯುತ್ತದೆ. ಶಿಕ್ಷೆ ದುಡಿಮೆಯೇ ಹೊರತು ಕೂಲಿ ಕಸಿಯುವುದಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಇದಕ್ಕಿಂತ ಕೆಟ್ಟದ್ದು ಜಾತಿ ನೋಡಿ ಕೆಲಸ ಹಂಚುವುದು. ಉತ್ತರ ಪ್ರದೇಶದ ಜೈಲು ಕೈಪಿಡಿಯಲ್ಲಿ, ಸಾದಾ ಸಜೆಯವರಿಗೆ ಕೀಳು ಕೆಲಸ ಹೇಳಬಾರದು, ಅಂಥ ಕೆಲಸ 'ರೂಢಿಯಿರುವ' ಸಮುದಾಯದವರಾದರೆ ಹೇಳಬಹುದು ಎಂಬ ನಿಯಮವಿತ್ತು. ಇಂಥವನ್ನೆಲ್ಲ ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ರದ್ದುಮಾಡಿ, ಕೈದಿಗಳ ದಾಖಲೆಯಿಂದ ಜಾತಿಯ ಕಾಲಂ ತೆಗೆಯಲು ಹೇಳಿದೆ. ನಿಮ್ಮವರಿಗೆ ಜಾತಿ ಕೇಳಿ ಪೊರಕೆ ಕೊಟ್ಟರೆ ಈ ತೀರ್ಪನ್ನು (ಸುಕನ್ಯಾ ಶಾಂತಾ ಪ್ರಕರಣ) ಹೆಸರಿಸಿಯೇ ದೂರು ಬರೆಯಿರಿ.